ಮೂರು ವ್ಯಾಟಿನ ಬೀಗತನ

ಕೊಟ್ಟೂರು
6-9-1998

ಚಿ. ಸೌ. ಪುಷ್ಪಲತಾಳಿಗೆ ನಿನ್ನ ಅಪ್ಪ ಪಾಲಾಕ್ಷಪ್ಪನ ಆಶೀರ್ವಾದ. ಇಲ್ಲಿ ನಾನು, ನಿನ್ನ ಅವ್ವ, ಬಟ್ಟೆ ಅಂಗಡಿ ಎಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದ್ದು ಒಂದೇ, ನಿನ್ನ ಮಾವ ಕೊಟ್ಟ ಆಂಪ್ಲಿಫೈಯರ್.

ನಿಶ್ಚಿತಾರ್ಥದ ದಿನ ಹಾಲೇಶಪ್ಪನವರು ತಮ್ಮ ರಿಪೇರಿ ಅಂಗಡಿಯಿಂದ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದು, "ಬೀಗರ, ಇದು ವಾಲ್ವಿಂದು, ನನ್ನ ಕೈಯಾಗ ಕಟ್ಟೀನಿ, ನಿಮ್ಮಂಥಾ ಕಿವಿ ಇದ್ದೋರ ಮನ್ಯಾಗ ಇರ್ಬೇಕು" ಅಂದಾಗ ನಾನು ಎಷ್ಟು ಹಿಗ್ಗಿದ್ದೆ ನೀನು ಕಂಡಿದ್ದೀಯ. ಇಷ್ಟು ದಿನ ಹಳೆ ರೇಡಿಯೊದ ಸ್ಪೀಕರಿಗೆ ಕಟ್ಟಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೇಳುತ್ತಿದ್ದೆ. ಅದು ಹರಿದುಹೋಯಿತು. ದಾವಣಗೆರೆಗೆ ಹೋಗಿ ಹೊಸ ಜೊತೆ ತಂದೆ. ಒಂದೊಂದೂ ನೂರು ವ್ಯಾಟ್. ಎತ್ತಿದರೆ ಸೊಂಟ ಹಿಡಿಯಬೇಕು, ಹಿಂದಿನ ಮ್ಯಾಗ್ನೆಟ್ ಅಷ್ಟು ಭಾರ. ಸಾಗುವಾನಿ ಪೆಟ್ಟಿಗೆ ಮಾಡಿಸಿ ಕೂರಿಸಿದೆ. ಹಚ್ಚಿದರೆ ಯಾರೋ ಕೌದಿ ಹೊದ್ದುಕೊಂಡು ಒಳಗಿನಿಂದ ಹಾಡಿದ ಹಾಗಿದೆ.

ಸ್ಪೀಕರ್ ಹೊಸದು. ಹಾಗಾದರೆ ಟೊಳ್ಳು ಇರುವುದು ಎಲ್ಲಿ? ಬೆಳ್ಳಗಿರುವುದೆಲ್ಲ ಹಾಲಲ್ಲ. ನಿಮ್ಮ ಹರಪನಹಳ್ಳಿ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿ ವರ್ಷವಾಯಿತು. ಜಿಲ್ಲೆಯ ಜೊತೆಗೆ ಬುದ್ಧಿಯೂ ಬದಲಾಯಿತೇನೋ.

ಸುಮ್ಮನೆ ಸುತ್ತಿ ಬಳಸಿ ಬರೆಯುವುದಿಲ್ಲ. ನನ್ನ ಚಿಂತೆ ಡಬ್ಬಿಯದಲ್ಲ. ಬೀಗರಿಗೆ ಕೊಡುವ ಸಾಮಾನಿನಲ್ಲೇ ಮೋಸ ಮಾಡುವವರು ಮನೆಗೆ ಬಂದ ಸೊಸೆಯನ್ನು ಹೇಗೆ ನೋಡಿಕೊಂಡಾರು? ಮದುವೆಯಾಗಿ ನಾಲ್ಕು ತಿಂಗಳು. ಮೂರು ಪತ್ರ ಬರೆದಿದ್ದೀಯ, ಮೂರರಲ್ಲೂ "ನಾನು ಚೆನ್ನಾಗಿದ್ದೇನೆ", ಅದರ ಮೇಲೆ ಒಂದು ಸಾಲಿಲ್ಲ. ಮೊದಲ ವರ್ಷದ ಪಂಚಮಿಗೆ ತವರಿಗೆ ಬರದ ಮಗಳು ಕೊಟ್ಟೂರಿನಲ್ಲಿ ನೀನೊಬ್ಬಳೇ. ಜೋಕಾಲಿ ಕಟ್ಟಿ, ನಿನ್ನ ಅವ್ವ ಉಂಡಿ ಮಾಡಿಟ್ಟುಕೊಂಡು ಬಸ್ ಸ್ಟ್ಯಾಂಡ್ ಕಡೆ ನೋಡುತ್ತ ಕೂತಿದ್ದಳು.

ಫೋನಿನಲ್ಲೇ ಕೇಳಬಹುದಿತ್ತು. ಎಸ್‌ಟಿಡಿ ಬೂತಿನಲ್ಲಿ ನಿಂತು ಬೀಗರ ಮಾತು ಆಡಿದರೆ ಸಂಜೆಯೊಳಗೆ ಊರಿಗೆಲ್ಲ ಹಬ್ಬುತ್ತದೆ. ಅದಕ್ಕೇ ಪತ್ರ. ಖರೆ ಬರೆ.

ನಿನ್ನ ಅಪ್ಪ


ಹರಪನಹಳ್ಳಿ
11-9-1998

ಅಪ್ಪನವರಿಗೆ ಪುಷ್ಪಲತಾ ಮಾಡುವ ಶರಣು.

ನಾನು ಚೆನ್ನಾಗಿದ್ದೇನೆ. ಇದರ ಮೇಲೆ ಒಂದು ಸಾಲು ಬೇಕು ಅಂದಿರಿ, ಅದಕ್ಕೆ ಬರೆಯುತ್ತೇನೆ: ನಿಜವಾಗಿಯೂ ಚೆನ್ನಾಗಿದ್ದೇನೆ. ನಿಮ್ಮ ಅಳಿಯ ದಿನಾ ಬೆಳಿಗ್ಗೆ ನಮ್ಮ ತಾಲೂಕಿನ ಅರಸೀಕೆರೆಯ ಸೊಸೈಟಿ ಕೆಲಸಕ್ಕೆ ಹೋಗಿ ಸಂಜೆ ಬರುತ್ತಾರೆ. ಪಂಚಮಿಗೆ ಬರಲಾಗಲಿಲ್ಲ, ಮನೆಯಲ್ಲಿ ಕೆಲಸವಿತ್ತು.

ಆಂಪ್ಲಿಫೈಯರ್ ಟೊಳ್ಳಲ್ಲ ಅಪ್ಪ. ಅದರ ಶಕ್ತಿಯೇ ಮೂರು ವ್ಯಾಟ್. ಸ್ಪೀಕರಿನ ಮೇಲೆ ನೂರು ವ್ಯಾಟ್ ಅಂತ ಬರೆದಿರುವುದು ಅದು ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದಕ್ಕೆ, ಎಷ್ಟು ಕೂಗುತ್ತದೆ ಅನ್ನುವುದಕ್ಕಲ್ಲ. ಅಂಥದರಲ್ಲಿ ಅದುರಿ ದನಿ ಹೊರಡಿಸುವ ಕೋನ್ ದಪ್ಪ, ಸುತ್ತಲಿನ ರಬ್ಬರ್ ಬಿಗಿ. ಮೂರು ವ್ಯಾಟಿಗೆ ಅದು ಮೈ ಅಲ್ಲಾಡಿಸುವುದೇ ಹೆಚ್ಚು. ಎಳೆ ಹೋರಿಗಳಿಗೆ ಕಲ್ಲು ಹೇರಿದ ಗಾಡಿ ಕಟ್ಟಿದ ಹಾಗೆ. ಹಳೆ ಕಾಲದ ಎಂಟು ಇಂಚಿನ, ತೆಳ್ಳನೆಯ ಕಾಗದದ ಕೋನಿನ ಸ್ಪೀಕರ್ ಬೇಕು. ಅದು ಸಿಕ್ಕರೆ ಹತ್ತಡಿ ಹನ್ನೆರಡಡಿಯ ಕೋಣೆಗೆ ಮೂರು ವ್ಯಾಟ್ ಧಾರಾಳವಾಯಿತು. ಹೀಗಂತ ಮಾವನವರು ಹೇಳಿದರು.

ಇನ್ನೊಂದು. ಕೋಣೆಯ ಬಲಗಡೆ ಗೋಡೆಗೆ ಬಟ್ಟೆಯ ಗಂಟುಗಳಿವೆಯಲ್ಲ, ಅವು ದನಿಯನ್ನು ನುಂಗುತ್ತವೆ. ಸ್ಪೀಕರ್ ಮುಖ ಆ ಕಡೆ ಇರಬಾರದು. ಕಿಟಕಿಯ ಗೋಡೆಗೆ ಬೆನ್ನು ಮಾಡಿ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಬೇಕು. ಇದೂ ಮಾವನವರು ಹೇಳಿದ್ದು. ನೂರು ವ್ಯಾಟಿನವನ್ನು ತೆಗೆದಿಟ್ಟು ಬರೀ ಪೆಟ್ಟಿಗೆಗಳನ್ನು ಕಂಡಕ್ಟರ್ ಕೊಟ್ರಸ್ವಾಮಿಯವರ ಬಸ್ಸಿಗೆ ಹಾಕಿ. ಇಲ್ಲೇ ಕೂರಿಸಿ ಕಳಿಸುತ್ತೇವೆ.

ನಿಮ್ಮ ಮಗಳು


ಕೊಟ್ಟೂರು
16-9-1998

ಪುಷ್ಪಲತಾ,

ಪೆಟ್ಟಿಗೆ ಕಳಿಸಿದ್ದೇನೆ. ಮನಸ್ಸಿದ್ದು ಕಳಿಸಿಲ್ಲ.

ಹೊಸದು ಬೇಡ, ಹಳೆಯದೇ ಒಳ್ಳೆಯದು ಅಂತ ರಿಪೇರಿ ಅಂಗಡಿಯವರು ಹೇಳಿದರೆ ಅದರ ಅರ್ಥ ನನಗೆ ಗೊತ್ತಾಗುವುದಿಲ್ಲವೇ? ನಾನೂ ಮೂವತ್ತು ವರ್ಷದಿಂದ ವ್ಯಾಪಾರದಲ್ಲಿದ್ದೇನೆ. ಹೋಗದ ಸೀರೆಯನ್ನು "ಇದು ಹಳೆ ಕಾಲದ ಗಟ್ಟಿ ನೇಯ್ಗೆ ಬೇ ಯವ್ವ" ಅಂತ ನಾನೇ ಎಷ್ಟು ಜನರಿಗೆ ಹಾಕಿಲ್ಲ!

ಇನ್ನೂ ಒಂದು ನನ್ನ ತಲೆ ಕೊರೆಯುತ್ತಿದೆ. ನನ್ನ ಕೋಣೆಗೆ ಹಾಲೇಶಪ್ಪ ಬಂದದ್ದು ಒಂದೇ ಸಲ, ಅದೂ ಕಾಲು ಗಂಟೆ. ಬಟ್ಟೆಯ ಗಂಟು ಬಲಗಡೆ ಇವೆ, ಕಿಟಕಿ ಎದುರಿಗಿದೆ ಅಂತ ನೆನಪಿಟ್ಟುಕೊಂಡಿದ್ದಾನೆಂದರೆ ಅವನು ಬಂದದ್ದು ಹೆಣ್ಣು ನೋಡಲಿಕ್ಕೋ, ಮಾಲು ನೋಡಲಿಕ್ಕೋ?

ನಿನ್ನ ಪತ್ರ ಮೊದಲಿನ ನಿನ್ನ ಪತ್ರದ ಹಾಗಿಲ್ಲ. ಮಾತು ಮಾತಿಗೆ ಮಾವನವರು, ಮಾವನವರು. ಪಕ್ಕದಲ್ಲಿ ಕೂತು ಬರೆಸುತ್ತಾರಾ? ನನ್ನ ಪತ್ರವನ್ನು ಒಡೆದು ಓದಿ ನಿನಗೆ ಕೊಡುತ್ತಾರಾ? ಹಾಗಿದ್ದರೆ ಬಾಯಿಬಿಟ್ಟು ಬರೆಯಬೇಡ. ಉತ್ತರದಲ್ಲಿ ಅವ್ವನಿಗೆ ನಮಸ್ಕಾರ ಅಂತ ಎರಡು ಸಲ ಬರೆ. ನಾನು ತಿಳಿದುಕೊಳ್ಳುತ್ತೇನೆ.

ಅಪ್ಪ


ಹರಪನಹಳ್ಳಿ
2-10-1998

ಅಪ್ಪನವರಿಗೆ ಶರಣು.

ಪತ್ರ ಒಡೆದು ಓದುವವರು ಈ ಮನೆಯಲ್ಲಿದ್ದಿದ್ದರೆ ನಿಮ್ಮ ಎರಡು ನಮಸ್ಕಾರದ ಗುಟ್ಟನ್ನೂ ಓದಿಕೊಂಡಿರುತ್ತಿದ್ದರು. ಇಷ್ಟು ಬುದ್ಧಿವಂತರು ನೀವು, ಇದು ಹೊಳೆಯಲಿಲ್ಲವೇ?

ಪೆಟ್ಟಿಗೆಗಳು ಸಿದ್ಧವಾಗಿವೆ. ತಡವಾಯಿತು, ಏಕೆಂದರೆ ಸರಿಹೊಂದುವ ಜೊತೆ ಸಿಗುವುದು ಕಷ್ಟ. ಹನ್ನೊಂದು ಹಳೆ ಸ್ಪೀಕರ್ ಹಚ್ಚಿ ನೋಡಿ ಎರಡನ್ನು ಆರಿಸಿದ್ದು. ನಮ್ಮ ಒಳಕೋಣೆಯೂ ನಿಮ್ಮ ಕೋಣೆಯಷ್ಟೇ ಇದೆ. ಬಲಗೋಡೆಗೆ ಹಾಸಿಗೆಗಳನ್ನು ಒಟ್ಟಿ ನಿಮ್ಮ ಗಂಟುಗಳ ಹಾಗೆ ಮಾಡಿಕೊಂಡು ಕೇಳಿದ್ದಾಗಿದೆ. ಒಂದರ ಕೋನಿಗೆ ಅಂಚಿನಲ್ಲಿ ಸಣ್ಣ ತೇಪೆ ಇದೆ, ಹೆದರಬೇಡಿ. ಹರಿದ ಕಡೆ ತೆಳು ಕಾಗದ ಅಂಟಿಸಿದೆ. ದನಿಗೆ ಏನೂ ಆಗಿಲ್ಲ.

ಮೊದಲ ದಿನವೇ ತೀರ್ಮಾನ ಮಾಡಬೇಡಿ. ನಾಲ್ಕು ದಿನ ಕೇಳಿ. ಅವ್ವನಿಗೆ ನಮಸ್ಕಾರ.

ನಿಮ್ಮ ಮಗಳು

ಮರೆತಿದ್ದೆ: ಅತ್ತೆ ಇಲ್ಲೇ ಕೂತಿದ್ದಾರೆ. "ಬೀಗತಿಗೆ ನಂದೂ ಒಂದು ನಮಸ್ಕಾರ ಬರಿಯವ್ವ" ಅಂದರು. ಬರೆದಿದ್ದೇನೆ.


ಕೊಟ್ಟೂರು
7-10-1998

ಪುಷ್ಪಲತಾ,

ಎರಡು ನಮಸ್ಕಾರ. ಎಣಿಸಿದೆ. ಅತ್ತೆ ಪಕ್ಕದಲ್ಲೇ ಕೂತಿದ್ದಳು ಅಂತಲೂ ಬರೆದಿದ್ದೀಯ. ಜಾಣೆ, ನನಗೆ ತಿಳಿಯಿತು.

ಈಗ ನಿನ್ನ ಮಾವನ ಕೈಚಳಕ ಕೇಳು. ಕೊಟ್ರಸ್ವಾಮಿ ಪೆಟ್ಟಿಗೆ ಇಳಿಸಿ ಹೋದ. ಎತ್ತಿದರೆ ಹೂವಿನಂತೆ ಹಗುರ. ಅಲ್ಲೇ ಅನುಮಾನ ಬಂತು. ನೀನು ಹೇಳಿದ ಹಾಗೆ ಗೋಡೆಯಿಂದ ಗೇಣು ಬಿಟ್ಟು ಇಟ್ಟು ಹಚ್ಚಿದೆ. ಹಾಡಿನಲ್ಲಿ ತಂಬೂರಿಯ ತಂತಿ ಕೆಳಗಿನ ಸ್ವರಕ್ಕೆ ಇಳಿದಾಗಲೆಲ್ಲ ಒಳಗೆ ಗರಗರ, ಚಿಟಿಚಿಟಿ. ಬೋರಲು ಹಾಕಿ ಅಲ್ಲಾಡಿಸಿದೆ. ಗಾಳಿಯಾಡಲು ಬಿಟ್ಟ ಮುಂದಿನ ತೂತಿನಿಂದ ಏನು ಬಿತ್ತು ಗೊತ್ತಾ? ಜೋಳ! ಒಂದೊಂದರಲ್ಲೂ ಒಂದು ಬೊಗಸೆ ಜೋಳ, ಅರಿಶಿನ ಬೇರೆ ಹಚ್ಚಿದ್ದು. ತೂಕ ಕಡಿಮೆಯಾಗಿ ಪಾಲಾಕ್ಷಪ್ಪ ಪತ್ತೆ ಹಚ್ಚಿಬಿಡುತ್ತಾನೆ ಅಂತ ಜೋಳ ತುಂಬಿದ್ದಾರೆ. ತೂಕ ಬರಲೆಂದು ಹತ್ತಿಯ ಅಂಡಿಗೆಗೆ ನೀರು ಹೊಡೆಯುವವರನ್ನು ಕಂಡಿದ್ದೆ, ಸ್ಪೀಕರಿಗೆ ಜೋಳ ತುಂಬುವವರನ್ನು ಕಂಡದ್ದು ಇದೇ ಮೊದಲು.

ಜೋಳವನ್ನು ಬೀದಿಗೆ ಚೆಲ್ಲಿದೆ. ಎದುರಿನ ಹೋಟೆಲ್ ಅಜ್ಜಯ್ಯ ಓಡಿ ಬಂದು ಅರಿಶಿನ ನೋಡಿ, "ಪಾಲಾಕ್ಷಪ್ಪ, ಇದು ತೂಕದ ಮಾತಲ್ಲಪಾ, ಬ್ಯಾರೇನೋ ಮಾಡ್ಸ್ಯಾರ. ಮುಟ್ಟಬ್ಯಾಡ, ಕೈ ತೊಳಕೋ" ಅಂದ. ನಾನು ಮಾಟ ಗೀಟ ನಂಬುವವನಲ್ಲ. ಆದರೂ ಕೈ ತೊಳೆದುಕೊಂಡೆ.

ಹೋಟೆಲಿನಲ್ಲಿ ನಿಂತು ಎಲ್ಲರಿಗೂ ಹೇಳಿದ್ದೇನೆ, "ಹರಪನಹಳ್ಳಿ ಹಾಲೇಶಪ್ಪನ ಸಾಮಾನು ಯಾರೂ ಮುಟ್ಟಬ್ಯಾಡ್ರಿ." ಚಿಗಟೇರಿಯ ಬಯಲಾಟದವರು ಅಲ್ಲೇ ಮಿರ್ಚಿ ಮಂಡಕ್ಕಿ ತಿನ್ನುತ್ತ ಕೂತಿದ್ದರು. ಅವರ ಮೈಕ್ ಸೆಟ್ಟೂ ರಿಪೇರಿಗೆ ನಿನ್ನ ಮಾವನ ಹತ್ತಿರವೇ ಇದೆಯಂತೆ. ಈ ಸೀಮೆಯಲ್ಲಿ ಮೈಕ್ ಸೆಟ್ ಕೊಳ್ಳುವವರು ಮೊದಲು ನನ್ನನ್ನು ಕರೆದುಕೊಂಡು ಹೋಗುತ್ತಾರೆ, ನಾನು ತಲೆ ಆಡಿಸಿದರೆ ಮಾತ್ರ ವ್ಯಾಪಾರ. ನನ್ನ ಮಾತು ಅವರಿಗೆ ಸಾಕು.

ನೀನು ಹೆದರಬೇಡ. ನಾನಿದ್ದೇನೆ.

ಅಪ್ಪ


ಹರಪನಹಳ್ಳಿ
10-10-1998

ಅಪ್ಪ,

ಆ ಜೋಳ ಅತ್ತೆ ಹಾಕಿದ್ದು. ಬೀಗರ ಮನೆಯ ಪೆಟ್ಟಿಗೆ, ಬರಿದಾಗಿ ಹೋಗಬಾರದು ಅಂತ. ನಿಮ್ಮ ಪತ್ರ ಓದಿ ನಾನು ಕೇಳಿದಾಗ, "ಸೊಸಿ ತವರಿನ ಪೆಟಗಿ ಬರಿದು ಹ್ಯಾಂಗ ಕಳಿಸ್ಲಿ ಬೇ? ಅರಿಶಿನ ಹಚ್ಚಿ ಒಂದೊಂದು ಬೊಗಸಿ ಹಾಕೀನಿ. ತೂತು ಇಟ್ಟಿದ್ದು ಅದಕ್ಕಽ ಅಂದ್ಕೊಂಡೆ" ಅಂದರು. ಹಿಂದಿನ ಹಲಗೆಗೆ ಸ್ಕ್ರೂ ಬಿಗಿದಾದ ಮೇಲೆ ಹಾಕಿದ್ದಾರೆ, ಅದಕ್ಕೇ ನನಗೆ ತಿಳಿಯಲಿಲ್ಲ.

ಮಜ್ಜಿಗೆ ತಂದುಕೊಟ್ಟವರ ತಂಬಿಗೆಯನ್ನು ನಮ್ಮ ಅವ್ವ ಒಂದು ದಿನವಾದರೂ ಬರಿದಾಗಿ ಕಳಿಸಿದ್ದಾಳೆಯೇ? ಒಂದು ಹಿಡಿ ಜೋಳ, ಇಲ್ಲದಿದ್ದರೆ ಬೆಲ್ಲದ ಚೂರು. ನೀವು ಮೂವತ್ತು ವರ್ಷ ಅದೇ ಮನೆಯಲ್ಲಿ ಉಂಡಿದ್ದೀರಿ. ಅವ್ವನನ್ನು ಕೇಳಿ.

ಅತ್ತೆಗೆ ನೀವು ಬರೆದದ್ದನ್ನು ನಾನು ಹೇಳಿಲ್ಲ. ಹೋಟೆಲಿನಲ್ಲಿ ಇನ್ನು ಮಾತಾಡಬೇಡಿ, ಕೈ ಮುಗಿಯುತ್ತೇನೆ.

ಪುಷ್ಪಲತಾ


ಕೊಟ್ಟೂರು
14-10-1998

ಪುಷ್ಪಲತಾ,

ನಿನ್ನ ಅವ್ವ ಕಲ್ಯಾಣಮ್ಮನವರನ್ನು ಕೇಳಿದೆ. "ಬೀಗತಿ ಕಳಿಸಿದ ಕಾಳು ಬೀದಿಗಿ ಚೆಲ್ಲಿದ್ರಾ?" ಅಂದವಳು ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಊಟ ಬಡಿಸಿ ಗೋಡೆಯ ಕಡೆ ಮುಖ ಮಾಡಿ ಕೂರುತ್ತಾಳೆ. ಜೋಳದ ಮಾತು ಒಪ್ಪಿದೆ. ಕಾಳು ತೆಗೆದ ಮೇಲೆ ದನಿಯೂ ಪರವಾಗಿಲ್ಲ.

ಆದರೆ ನಿನ್ನ ಪತ್ರದಲ್ಲಿ ಒಂದು ಮಾತು ಬಂದಿದೆ. ಸ್ಕ್ರೂ ಬಿಗಿದ ಮೇಲೆ ಹಾಕಿದ್ದರಿಂದ ನಿನಗೆ ತಿಳಿಯಲಿಲ್ಲ ಅಂತೆ. ರಿಪೇರಿ ಮಾಡುವವನು ಹಾಲೇಶಪ್ಪ. ನಿನಗೆ ಯಾಕೆ ತಿಳಿಯಬೇಕಿತ್ತು?

ಹಲಗೆ ಬಿಚ್ಚಿ ಲಾಟೀನು ಹಿಡಿದು ನೋಡಿದೆ. ಒಳಗೆ ಪೆನ್ಸಿಲಿನಲ್ಲಿ "ಎಡ", "ಬಲ" ಅಂತ ಬರೆದಿದೆ. ಆ ಡಕಾರ ನಾನೇ ಕೈ ಹಿಡಿದು ತಿದ್ದಿಸಿದ್ದು. ತೇಪೆಯ ಅಂಟಿನಲ್ಲಿ ಮೊಳದುದ್ದದ ಕೂದಲು ಸಿಕ್ಕಿಕೊಂಡಿದೆ. ಹಾಲೇಶಪ್ಪನ ತಲೆ ಬೋಳು. ನನ್ನ ಬೆರಳ ಮೇಲೆ ಆ ಕೂದಲು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಬಿ.ಎ. ಓದಿಸಿ ಕೊಟ್ಟ ಮಗಳನ್ನು ಬೆಸುಗೆಯ ಹೊಗೆಗೆ ಕೂರಿಸಿದ್ದಾರೆ. ಪಂಚಮಿಗೆ ಬಿಡದಿದ್ದ ಕೆಲಸ ಇದೇ. ಸೊಸೆಯೂ ಆಯಿತು, ಕೂಲಿ ಇಲ್ಲದ ಆಳೂ ಆಯಿತು.

ಹದಿನೆಂಟನೆ ತಾರೀಖು ಭಾನುವಾರ ಅಜ್ಜಯ್ಯನನ್ನೂ ಇಬ್ಬರು ಹಿರಿಯರನ್ನೂ ಕರೆದುಕೊಂಡು ಬರುತ್ತೇನೆ. ನಿನ್ನ ಬಟ್ಟೆ ಕಟ್ಟಿಟ್ಟುಕೊಂಡಿರು.

ಅಪ್ಪ


ಹರಪನಹಳ್ಳಿ
16-10-1998

ಅಪ್ಪ,

ಟಪಾಲಿಗೆ ಹಾಕಿದರೆ ಭಾನುವಾರದೊಳಗೆ ಮುಟ್ಟುವುದಿಲ್ಲ ಅಂತ ಕೊಟ್ರಸ್ವಾಮಿಯವರ ಕೈಯಲ್ಲಿ ಕೊಟ್ಟಿದ್ದೇನೆ. ಒಬ್ಬರೇ ಓದಿ.

ಹೌದು, ನಾನೇ ಮಾಡಿದ್ದು. ಸ್ಪೀಕರ್ ಆರಿಸಿದ್ದು ನಾನು. ತೇಪೆ ಹಾಕಿದ್ದು ನಾನು. "ಮಾವನವರು ಹೇಳಿದರು" ಅಂತ ಬರೆದದ್ದರಲ್ಲಿ ಅರ್ಧ ಅವರು ಕಲಿಸಿದ್ದು, ಅರ್ಧ ನಾನು ಕಂಡುಕೊಂಡದ್ದು. ಬಟ್ಟೆಯ ಗಂಟು ಎಲ್ಲಿವೆ ಅಂತ ಮಾವನಿಗೆ ಹೇಗೆ ಗೊತ್ತು ಅಂದಿರಲ್ಲ, ಅವರಿಗೆ ಗೊತ್ತಿಲ್ಲ. ಆ ಗಂಟುಗಳಿಗೆ ಒರಗಿಕೊಂಡೇ ನಾನು ಬಿ.ಎ. ಓದಿದ್ದು.

ಮದುವೆಯಾಗಿ ಇಪ್ಪತ್ತಾರನೆಯ ದಿನ ಮಾವನವರಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಚಹಾದ ಲೋಟ ಕೈಯಿಂದ ಜಾರಿತು, ಅಷ್ಟೇ. ದಾವಣಗೆರೆಯ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದರು. ಮಾತು, ನಡಿಗೆ ಸರಿಯಾದವು. ಬಲಗೈ ಬೆರಳು ಮಾತ್ರ ಹಿಡಿಯುವುದಿಲ್ಲ. ಊರ ಮಂದಿಗೆ ಬಂಧುಗಳ ಮನೆಗೆ ಹೋಗಿದ್ದೆವು ಅಂತ ಹೇಳಿದರು. ಅಂಗಡಿ ನಡೆಯಬೇಕಲ್ಲ ಅಂತ ಮುಚ್ಚಿಡುತ್ತಿದ್ದಾರೆ ಅಂತಲೇ ನಾನೂ ತಿಳಿದಿದ್ದೆ. ಒಂದು ದಿನ ಅತ್ತೆ, "ಎಷ್ಟು ದಿನ ಮುಚ್ಚಿಡ್ತೀರಿ? ಮಂದಿಗಿ ಹೇಳಿಬಿಡ್ರಿ" ಅಂದಾಗ ಅವರು ಹೇಳಿದ್ದನ್ನು ಗೋಡೆಯ ಈಚೆ ನಿಂತು ಕೇಳಿದೆ. "ಹುಡುಗಿ ಮನಿಗೆ ಬಂದು ತಿಂಗಳು ತುಂಬೋದ್ರಾಗ ಹಿಂಗಾತು. ಈಗ ನನ್ನ ಕೈ ಹೋತು ಅಂದ್ರ ಊರು ಯಾರ ಕಾಲ್ಗುಣ ಅಂತೈತಿ? ನನ್ನ ಕೈ ಹೋದ್ರ ಹೋಗ್ಲಿ. ಆಕಿ ಹೆಸರು ಹೋಗಬಾರದು."

ಅಪ್ಪ, ನೀವು ಹೋಟೆಲಿನಲ್ಲಿ ನಿಂತು ಬೈದದ್ದು ಇವರನ್ನು.

ಕೆಲಸ ಕಲಿಸಿ ಅಂತ ಕೇಳಿದವಳು ನಾನು. ಗಿರಾಕಿ ಬಂದರೆ ಮಾವ ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಮುಂದೆ ಕೂರುತ್ತಾರೆ, ಬಲಗೈ ಟವೆಲ್ಲಿನ ಕೆಳಗೆ. ಸಾಮಾನು ಒಳಕೋಣೆಗೆ ಬರುತ್ತದೆ. ಯಾವ ಸ್ಪೀಕರಿಗೆ ಬಾಯಿದೆ, ಯಾವುದಕ್ಕೆ ಇಲ್ಲ ಅಂತ ಬೆರಳಿನಿಂದ ಕೋನ್ ತಟ್ಟಿದರೆ ನನಗೆ ಗೊತ್ತಾಗುತ್ತದೆ. "ಇದು ನಾ ಕಲಿಸಿದ್ದಲ್ಲವಾ, ನಿಮ್ಮಪ್ಪನ ಕಿವಿ" ಅಂತಾರೆ ಮಾವ. ಇಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ನಿಮಗೆ ಬರೆಯಲು ಹೆದರಿದೆ, ಕೀಳು ಕೆಲಸ ಅನ್ನುತ್ತೀರಿ ಅಂತ.

ಚಿಗಟೇರಿಯವರು ಮೊನ್ನೆ ಬಂದು ಮೈಕ್ ಸೆಟ್ ಅರ್ಧ ಬಿಚ್ಚಿದ್ದನ್ನೇ ಗೋಣಿಚೀಲಕ್ಕೆ ಹಾಕಿಕೊಂಡು ಹೋದರು. "ನಿಮ್ಮ ಬೀಗರಽ ಬ್ಯಾಡ ಅಂದಾರ" ಅಂದರು. ಮಾವ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಅವರ ನಂತರ ಇನ್ನೂ ಮೂವರು ಬಂದು ಒಯ್ದಿದ್ದಾರೆ.

ಹಿರಿಯರನ್ನು ಕರೆದುಕೊಂಡು ಬಂದರೆ ಮಾವ ಟವೆಲ್ ತೆಗೆದು ಕೈ ತೋರಿಸಲೇಬೇಕಾಗುತ್ತದೆ. ಆಮೇಲೆ ಅಜ್ಜಯ್ಯನ ಹೋಟೆಲಿನಲ್ಲಿ ನನ್ನ ಕಾಲ್ಗುಣದ ಮಾತು ನಡೆಯುತ್ತದೆ. ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಬಟ್ಟೆ ಕಟ್ಟಿಲ್ಲ.

ಪುಷ್ಪಲತಾ


ಕೊಟ್ಟೂರು
9-11-1998

ಪುಷ್ಪಿ,

ಮೂರು ವಾರ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಮಾತು ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು. ಆ ಭಾನುವಾರ ಅಜ್ಜಯ್ಯ ಮತ್ತು ಹಿರಿಯರು ಶಾಲು ಹೊದ್ದು ಬಂದರು. ಹೊಟ್ಟೆನೋವು ಅಂದು ಮಲಗಿಬಿಟ್ಟೆ. ಒಳಗೆ ಉರಿಯುತ್ತಿದ್ದದ್ದು ಖರೆ, ಹೊಟ್ಟೆಯೇನೂ ಅಲ್ಲ.

ನಾನು ಕೆಡಿಸಿದ್ದನ್ನು ನಾನೇ ಸರಿಮಾಡಬೇಕು. ಹೇಗೆ ಅಂತ ಎಂಟು ದಿನ ಯೋಚಿಸಿದೆ. ಸ್ಪೀಕರ್ ಚೆನ್ನಾಗಿದೆ ಅಂದರೆ, ಮತ್ತೆ ಅವತ್ತು ಯಾಕೆ ಹಾಗಂದೆ ಅಂತ ಕೇಳುತ್ತಾರೆ. ಜೋಳದ ಕತೆ ಹೇಳಿದರೆ ಬೀಗತಿ ನಗೆಪಾಟಲು. ಮೇಲೆ, ಬೀಗ ಬೀಗನ ಪರ ಮಾತಾಡುತ್ತಿದ್ದಾನೆ ಅನ್ನುತ್ತಾರೆ. ಅವರು ನಂಬುವಂಥ ಕಾರಣ ಒಂದೇ ಒಂದು ಉಳಿದಿತ್ತು.

ಚಿಗಟೇರಿಗೆ ಹೋದೆ. ಬಯಲಾಟದವರ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ನಿಂತುಕೊಂಡೇ ಹೇಳಿದೆ, "ಹಾಲೇಶಪ್ಪನ ಕೆಲಸದಾಗ ಏನೂ ತಪ್ಪಿಲ್ರಪಾ. ನನ್ನ ಕಿವಿ ಕೆಟ್ಟೈತಿ. ಆರು ತಿಂಗಳಿಂದ ಒಳಗ ಗರಗರ ಅಂತೈತಿ. ಮರ್ಯಾದಿಗಂಜಿ ಮುಚ್ಚಿಟ್ಟಿದ್ದೆ. ಆ ಗರಗರ ಸ್ಪೀಕರಿನ್ಯಾಗ ಐತಿ ಅಂತ ಬಾಯಿ ಹರಿಬಿಟ್ಟೆ." ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಒಬ್ಬ ಎದ್ದು ನನ್ನ ಕೈ ಹಿಡಿದು ಕೂರಿಸಿದ. ಮರುದಿನವೇ ಸೆಟ್ ನಿಮ್ಮಲ್ಲಿಗೆ ವಾಪಸ್ ಬಂದಿರಬೇಕು. ಇದೇ ಮಾತನ್ನು ಅಜ್ಜಯ್ಯನ ಹೋಟೆಲಿನಲ್ಲೂ ಆಡಿದ್ದೇನೆ. ಅವತ್ತಿನಿಂದ ಅಜ್ಜಯ್ಯ ನನ್ನ ಕಿವಿಯ ಹತ್ತಿರ ಬಂದು, "ಚಾ ಕುಡೀತೀಯೇನಪಾ?" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ.

ಹಾಲೇಶಪ್ಪನವರಿಗೆ ಇದನ್ನು ಹೇಳಬೇಡ. ಅವರೂ ಖರೆ ಅಂತಲೇ ತಿಳಿದುಕೊಳ್ಳಲಿ. ನಿನಗಾಗಿ ಅವರು ಕೈ ಮುಚ್ಚಿಟ್ಟುಕೊಂಡಿದ್ದಾರೆ, ನನ್ನದೇನು ಮಹಾ. ಅವ್ವನಿಗೆ ಮಾತ್ರ ಎಲ್ಲ ಗೊತ್ತು. ಗೋಡೆಯ ಕಡೆ ತಿರುಗಿ ಕೂರುವುದನ್ನು ಬಿಟ್ಟಿದ್ದಾಳೆ.

ನೀನು ಮಾಡಿದ ಸ್ಪೀಕರ್ ದಿನಾ ಮಧ್ಯಾಹ್ನ ಹಚ್ಚುತ್ತೇನೆ, ಬಾಗಿಲು ಹಾಕಿಕೊಂಡು. ಹಾಡುವವರು ಉಸಿರು ಎಳೆದುಕೊಳ್ಳುವುದು ಕೇಳುತ್ತದೆ ಪುಷ್ಪಿ. ಇಷ್ಟು ವರ್ಷ ಕೇಳಿದ ಹಾಡಿನಲ್ಲಿ ಅದು ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಎಷ್ಟು ಚಂದ ಮಾಡಿದ್ದೀಯ ಅಂತ ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಹೇಳುವ ಹಾಗಿಲ್ಲ.

ನಿನ್ನೆ ನಮ್ಮ ಓಣಿಯ ಭಜನೆಯವರು ಹೊಸ ಹಾರ್ಮೋನಿಯಂ ಕೊಳ್ಳಲು ನೋಡುತ್ತಿದ್ದರು. ಮಾರುವವನು ನಮ್ಮ ಅಂಗಡಿಯ ಎದುರಿನ ಕಟ್ಟೆಯ ಮೇಲೇ ಇಟ್ಟು ನುಡಿಸಿ ತೋರಿಸಿದ. ನಡುವಿನ ಸಪ್ತಕದ ಗಾಂಧಾರದ ಶ್ರುತಿ ಇಳಿದಿತ್ತು, ನನಗೆ ಕೂತಲ್ಲೇ ಕೇಳಿಸಿತು. ಯಾರನ್ನು ಕೇಳೋಣ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಬ್ಬ ನನ್ನ ಕಡೆ ತಿರುಗಿದ. ಇನ್ನೊಬ್ಬ ಅವನ ತೋಳು ಜಗ್ಗಿ, "ಬಿಡೋ, ಪಾಪ" ಅಂದ. ಅದೇ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದರು. ನಾನು ತಲೆ ಎತ್ತಲಿಲ್ಲ, ಸೀರೆ ಮಡಚುತ್ತ ಕೂತಿದ್ದೆ.

ನಿನ್ನ ಅಪ್ಪ